ಹಡಗೇರಿ ಬಂದ ಗಡಿಯಾರ

ಇವತ್ತೂ ಅಲಾರಂ ಕೈಕೊಟ್ಟಿತು. ಹೊಡೆಯಲೇ ಇಲ್ಲ ಅಂದರೆ ಪಾಪ, ಸುಳ್ಳು ಹೇಳಿದ ಹಾಗಾಗುತ್ತದೆ. ಆರಕ್ಕೇ ಹೊಡೆಯಿತು. ಅದರ ಆರು ಗಂಟೆ ಅಂದರೆ ಊರಿಗೆಲ್ಲ 7:36, ಅಷ್ಟೇ.

ವಿದೇಶದ ಸಂಸಾರ ಕಟ್ಟಿಕೊಂಡು ಬರುವಾಗ ಬಿಟ್ಟು ಬರೋಣ ಅಂದ ಸಾಮಾನಿಗೆಲ್ಲ ನಮ್ಮವರದು ಒಂದೇ ಮಂತ್ರ: ‘ಇರ್ಲಿ, ಬೇಕಾಗುತ್ತೆ.’ ಹಡಗಿನ ಬಾಡಿಗೆ ತೂಕಕ್ಕಲ್ಲ, ಸಾಮಾನು ಹಿಡಿಯುವ ಜಾಗಕ್ಕೆ ಅಂತ ಗೊತ್ತಾದ ಮೇಲಂತೂ ಪಾತ್ರೆಯೊಳಗೆ ಕಾಲುಚೀಲ, ಬೂಟಿನೊಳಗೆ ಚಮಚ. ಪ್ಯಾಕಿಂಗ್ ಹುಡುಗರೂ ಕಡಿಮೆಯವರಲ್ಲ, ಅಲ್ಲಾಡದೆ ಕೂತಿದ್ದನ್ನೆಲ್ಲ ಸುತ್ತಿಬಿಟ್ಟರು. ನಮ್ಮ ಕಸದ ಬುಟ್ಟಿ ಕಸದ ಸಮೇತ ಸಮುದ್ರ ದಾಟಿದೆ. ಪಟ್ಟಿಯಲ್ಲಿ ಅದಕ್ಕೊಂದು ನಂಬರೂ ಇತ್ತು.

ಹಾಗೆ ಬಂದದ್ದೇ ಈ ಗಡಿಯಾರ. ಅಲ್ಲಿನ ಕರೆಂಟು 120 ವೋಲ್ಟ್, ಇಲ್ಲಿ 230. ಅದಕ್ಕೇನಂತೆ ಎಂದು ಇವರು ಟ್ರಾನ್ಸ್‌ಫಾರ್ಮರ್ ತಂದರು. ಅಂಗೈಯಗಲದ ಗಡಿಯಾರಕ್ಕೆ ಒರಳುಕಲ್ಲಿನಂಥ ಟ್ರಾನ್ಸ್‌ಫಾರ್ಮರ್! ರಾತ್ರಿಯಿಡೀ ತಲೆಯ ಹತ್ತಿರ ಗುಂಯ್ ಅನ್ನುತ್ತದೆ. ಅದು ವೋಲ್ಟನ್ನೇನೋ ಇಳಿಸಿತು, ಆದರೆ ಹರ್ಟ್ಜ್, ಅಂದರೆ ಕರೆಂಟು ಸೆಕೆಂಡಿಗೆ ಎಷ್ಟು ಸಲ ಮಿಡಿಯುತ್ತದೆ ಅನ್ನುವ ಲೆಕ್ಕ, ಅದರ ಮಾತು ಕೇಳುವುದಿಲ್ಲ. ಅಲ್ಲಿ 60, ಇಲ್ಲಿ 50. ನಮ್ಮ ಗಡಿಯಾರ ಕರೆಂಟಿನ ಆ ಮಿಡಿತವನ್ನು ಎಣಿಸಿಯೇ ಹೊತ್ತು ಹೇಳುವ ಜಾತಿಯದು. ಹಾಗಾಗಿ ಗಂಟೆಗೆ ಹತ್ತು ನಿಮಿಷ ಹಿಂದೆ, ದಿನಕ್ಕೆ ನಾಲ್ಕು ಗಂಟೆ. ಕೆಟ್ಟು ನಿಂತ ಗಡಿಯಾರ ಕೂಡ ದಿನಕ್ಕೆರಡು ಸಲ ನಿಜ ಹೇಳುತ್ತದೆ, ಇದು ಮೂರು ದಿನಕ್ಕೊಮ್ಮೆ.

“ರೀ, ಇದನ್ನ ಎಸೀರಿ” ಅಂದೆ.

“ಕೆಟ್ಟಿಲ್ವಲ್ಲೇ! ರಾತ್ರಿಯಿಂದ ಅದು ಎಷ್ಟು ಓಡಿದೆ ನೋಡು, ಆರರಿಂದ ಗುಣಿಸಿ ಐದರಿಂದ ಭಾಗಿಸು. ಸರಿಯಾದ ಟೈಮ್ ಬಂತಲ್ಲ!”

ಹಾಸಿಗೆಯಲ್ಲಿ ಅಷ್ಟು ಲೆಕ್ಕ ಮಾಡುವಷ್ಟು ಎಚ್ಚರವಿದ್ದರೆ ನನಗೆ ಅಲಾರಂ ಯಾತಕ್ಕೆ? ಅವರಿಗೇನು, ಎದ್ದ ಮೇಲೇ ಅವರಿಗೆ ಬೆಳಗಾಗುವುದು.

ಹೋಗಲಿ, ನಾನೇ ಎಸೆಯಬಹುದಿತ್ತು. ನಿನ್ನೆ ವೈರು ಕಿತ್ತು ಕೈಗೆತ್ತಿಕೊಂಡೂ ಆಗಿತ್ತು. ಅಲ್ಲಿದ್ದಾಗ ನಡುರಾತ್ರಿ ಎಚ್ಚರವಾದರೆ ಕತ್ತಲಲ್ಲಿ ಕಾಣುತ್ತಿದ್ದದ್ದು ಇದರ ಕೆಂಪು ಅಂಕಿಗಳೇ. ಊರಲ್ಲೀಗ ಎಷ್ಟು ಹೊತ್ತು, ಅಮ್ಮನ ಊಟ ಆಗಿರಬಹುದಾ, ಈಗ ಫೋನ್ ಮಾಡಿದರೆ ಗಾಬರಿಯಾಗುತ್ತಾಳಾ ಎಂದು ಅದನ್ನೇ ನೋಡುತ್ತಾ ಕೂಡುತ್ತಿದ್ದೆ, ಕಳೆಯುತ್ತಿದ್ದೆ. ಈಗ ಅಮ್ಮ ಪಕ್ಕದ ಕೋಣೆಯಲ್ಲಿ ಗೊರಕೆ ಹೊಡೆಯುತ್ತಾಳೆ. ಲೆಕ್ಕ ಮಾತ್ರ ತಪ್ಪಲಿಲ್ಲ.

ಇವತ್ತು ರಾತ್ರಿ ಹತ್ತಕ್ಕೆ ಸರಿಮಾಡಿ ಅಲಾರಂ 4:40ಕ್ಕೆ ಇಟ್ಟಿದ್ದೇನೆ. ನನ್ನ ಗಣಿತ ಸರಿಯಿದ್ದರೆ ಆರಕ್ಕೆ ಹೊಡೆಯಬೇಕು. ನಡುವೆ ಕರೆಂಟು ಹೋಗದಿದ್ದರೆ.