35 ಸೆಕೆಂಡ್ ಹಿಂದೆ

ಭಾನುವಾರ ಮಧ್ಯಾಹ್ನ ಪಕ್ಕದ ಮನೆ ತಾತ ಇದ್ದಕ್ಕಿದ್ದಂತೆ "ನೋ!" ಎಂದು ಕಿರುಚಿದರು. ನಮ್ಮ ಟಿವಿಯಲ್ಲಿ ಇನ್ನೂ ಏನೂ ಆಗಿರಲಿಲ್ಲ. ನಮ್ಮೂರ ಅಮೆರಿಕನ್ ಫುಟ್‌ಬಾಲ್ ತಂಡ ಡಲ್ಲಾಸ್ ಕೌಬಾಯ್ಸ್‌ನ ಹುಡುಗರು ಸಾಲಾಗಿ ಬಗ್ಗಿ ನಿಂತಿದ್ದರು. ಚೆಂಡು ಎಸೆಯಬೇಕಾದವನು ಅಂಗೈ ಒರೆಸಿಕೊಳ್ಳುತ್ತಿದ್ದ. ಆದರೆ ನನಗೆ ಗೊತ್ತಾಗಿಹೋಯಿತು. ಇನ್ನು ಅರ್ಧ ನಿಮಿಷದಲ್ಲಿ ಇವನು ಚೆಂಡನ್ನು ಒಯ್ದು ಎದುರಾಳಿ ಕೈಗೆ ಕೊಡುತ್ತಾನೆ.

"ಈಗ ನೋಡು, ಹೋಯ್ತು" ಎಂದೆ. ಹೋಯಿತು.

"ನಿಮಗೆ ಮೊದಲೇ ಹೇಗೆ ಗೊತ್ತಾಯ್ತು?" ಎಂದಳು ಹೆಂಡತಿ.

"ಅನುಭವ" ಎಂದೆ.

ಅನುಭವ ಅಲ್ಲ, ಆಂಟೆನಾ. ತಾತನ ಮನೆಗೆ ಆಟ ಗಾಳಿಯಲ್ಲಿ ಬರುತ್ತದೆ, ಪುಕ್ಕಟೆ. ನಮ್ಮ ಮನೆಗೆ ಇಂಟರ್‌ನೆಟ್‌ನಲ್ಲಿ, ತಿಂಗಳು ತಿಂಗಳು ದುಡ್ಡು ತೆಗೆದುಕೊಂಡು ನಿಧಾನವಾಗಿ ಬರುತ್ತದೆ. ವಾಚ್ ಹಿಡಿದು ಅಳೆದೆ. ನಾನು ತಾತನಿಗಿಂತ 35 ಸೆಕೆಂಡ್ ಹಿಂದೆ ಇದ್ದೆ. ಮಗಳಿಗೆ ಫೋನ್‌ನಲ್ಲಿ ಹೇಳಿದರೆ, "ಅಪ್ಪ, ನಿನ್ನ ಲೆಕ್ಕದಲ್ಲಿ ಅದು ತುಂಬಾ ಕಡಿಮೆ. ನೀನು ಒಂದು 40 ವರ್ಷ ಹಿಂದೆ ಇದ್ದೀಯ ಅಂದ್ಕೊಂಡಿದ್ದೆ" ಎಂದಳು.

ಅವಳು ಉದಾರವಾದಿಗಳ ಊರು ಆಸ್ಟಿನ್‌ನಲ್ಲಿ ಓದುತ್ತಾಳೆ. ನಾನು ಕನ್ಸರ್ವೇಟಿವ್. ಹೀಗಾಗಿ ನಮ್ಮ ಫೋನ್ ಮಾತುಕತೆ ಊಟ ಆಯ್ತಾ ಎಂಬಲ್ಲಿ ಶುರುವಾಗಿ ತೆರಿಗೆಯಲ್ಲಿ ಮುಗಿಯುತ್ತದೆ. ನನ್ನ ಸಿದ್ಧಾಂತವೇನೂ ಘನವಾದದ್ದಲ್ಲ. ಸರಿಯಾಗಿರುವುದನ್ನು ಸುಮ್ನೆ ಕೆದಕಬೇಡಿ. ಸರ್ಕಾರ ರಸ್ತೆ ಹಾಕಲಿ, ಕಳ್ಳರನ್ನು ಹಿಡಿಯಲಿ, ಮಿಕ್ಕಂತೆ ನಮ್ಮ ಪಾಡಿಗೆ ನಮ್ಮನ್ನು ಬಿಡಲಿ. ಮೈಸೂರಿನ ನಮ್ಮಜ್ಜಿ ಇದನ್ನೇ ಯಾವ ಪಾರ್ಟಿಗೂ ಸೇರದೆ ಹೇಳುತ್ತಿದ್ದರು.

ಟೆಕ್ಸಸ್‌ಗೆ ನಾನು ಬಂದಿದ್ದು 1996ರ ಜೂನ್‌ನಲ್ಲಿ. ಕೌಬಾಯ್ಸ್ ಕೊನೆಯ ಸಲ ಸೂಪರ್ ಬೌಲ್, ಅಂದರೆ ಈ ಆಟದ ಫೈನಲ್, ಗೆದ್ದಿದ್ದು ಅದೇ ವರ್ಷದ ಜನವರಿಯಲ್ಲಿ, ಪಿಟ್ಸ್‌ಬರ್ಗ್ ಮೇಲೆ 27–17. ಆಮೇಲೆ ಗೆಲ್ಲುವುದಿರಲಿ, ಸೂಪರ್ ಬೌಲ್‌ನ ಹೊಸ್ತಿಲನ್ನೂ ತುಳಿದಿಲ್ಲ. "ಎಲ್ಲ ನಿಮ್ಮ ಕಾಲ್ಗುಣ" ಎನ್ನುತ್ತಾಳೆ ಹೆಂಡತಿ. ಕಾಲ್ಗುಣ ಎಂಬ ಮಾತನ್ನು ನಮ್ಮ ಕಡೆ ಸೊಸೆಯರಿಗೆ ಹೇಳುವುದು. ಸೇಡು ತೀರಿಸಿಕೊಳ್ಳುವ ಅವಕಾಶ ಅವಳು ಬಿಟ್ಟಿಲ್ಲ.

ನನ್ನದು ಬೇರೆ ವಾದ. ಅರ್ವಿಂಗ್‌ನಲ್ಲಿದ್ದ ಹಳೇ ಸ್ಟೇಡಿಯಂನ ಛಾವಣಿಯಲ್ಲಿ ದೊಡ್ಡ ತೂತು ಇತ್ತು. ದೇವರು ತನ್ನ ತಂಡದ ಆಟ ನೋಡಲಿ ಅಂತ ಬಿಟ್ಟಿದ್ದಾರೆ ಎಂದು ಇಲ್ಲಿನವರು ಹೇಳುತ್ತಿದ್ದರು. 2010ರಲ್ಲಿ ಅದನ್ನು ಸಿಡಿಮದ್ದು ಇಟ್ಟು ಕೆಡವಿದರು. 2009ರಲ್ಲೇ ಆರ್ಲಿಂಗ್ಟನ್‌ನಲ್ಲಿ ಹೊಸದು ಬಂದಿತ್ತು. ಅದರ ಛಾವಣಿಯನ್ನು ಬೇಕಾದಾಗ ತೆರೆಯಬಹುದು, ಆದರೆ ಹೆಚ್ಚಾಗಿ ಮುಚ್ಚಿಯೇ ಇರುತ್ತದೆ. ದೇವರಿಗೂ ಈಗ ಚಂದಾ ಕಟ್ಟಬೇಕೇನೋ. (ತೂತು ಇದ್ದಾಗಲೂ ಕೊನೆಯ 13 ವರ್ಷ ಸೋತರಲ್ಲ ಎಂದು ಕೇಳಬೇಡಿ. ಹೆಂಡತಿ ಆಗಲೇ ಕೇಳಿದ್ದಾಳೆ.)

ಆ ಹೊಸ ಸ್ಟೇಡಿಯಂಗಾಗಿ ಆರ್ಲಿಂಗ್ಟನ್ ಜನ 2004ರಲ್ಲಿ ವೋಟು ಹಾಕಿ ತಮ್ಮ ಮೇಲೆ ತಾವೇ ಮಾರಾಟ ತೆರಿಗೆ ಜಾಸ್ತಿ ಮಾಡಿಕೊಂಡರು. ಮಾಲೀಕ ಕೋಟ್ಯಧೀಶ, ಕೊಡುವವನು ಸೋಪು ಕೊಳ್ಳಲು ಬಂದ ಬಡಪಾಯಿ. ಇದರ ಬಗ್ಗೆ ನನ್ನ ಅಭಿಪ್ರಾಯ ಬರೆದರೆ ಈ ಬರಹದ ಲಘುತ್ವ ಹೋಗಿಬಿಡುತ್ತದೆ, ಮುಂದೆ ಹೋಗೋಣ.

ಮೈಸೂರಿನಿಂದ ನಮ್ಮಪ್ಪ ಬಂದಿದ್ದಾಗ ಅವರನ್ನೂ ಟಿವಿ ಮುಂದೆ ಕೂರಿಸಿದ್ದೆ.

"ಫುಟ್‌ಬಾಲ್ ಅಂತೀಯ, ಕೈಯಲ್ಲಿ ಹಿಡ್ಕೊಂಡು ಓಡ್ತಾರಲ್ಲೋ?"

"ಇಲ್ಲಿ ಹಾಗೇ ಅಪ್ಪ."

"ಮತ್ತೆ ಕಾಲಲ್ಲಿ ಒದೆಯೋದು ಯಾವಾಗ?"

"ಬೇರೆ ದಾರಿ ಇಲ್ಲದಾಗ."

ತಪ್ಪೇನೂ ಹೇಳಲಿಲ್ಲ. ನಾಲ್ಕು ಸಲ ಅವಕಾಶ, ಅಷ್ಟರಲ್ಲಿ ಹತ್ತು ಗಜ ಮುಂದೆ ಹೋಗಬೇಕು. ಮೂರರಲ್ಲಿ ಆಗಲಿಲ್ಲವೋ, ಸಾಮಾನ್ಯವಾಗಿ ನಾಲ್ಕನೆಯದರಲ್ಲಿ ಒದ್ದು ಕೈ ತೊಳೆದುಕೊಳ್ಳುತ್ತಾರೆ. ಅಪ್ಪ ಸ್ವಲ್ಪ ಹೊತ್ತು ನೋಡಿ, "ಎರಡು ಸೆಕೆಂಡ್ ಗುದ್ದಾಡ್ತಾರೆ, ಆಮೇಲೆ ಗುಂಪು ಸೇರಿ ಮೀಟಿಂಗ್ ಮಾಡ್ತಾರೆ. ಥೇಟ್ ನಮ್ಮ ನಗರಸಭೆ" ಎಂದರು. ನಮ್ಮ ಪಂಗಡದ ದೊಡ್ಡ ಅಂಕಣಕಾರ ಜಾರ್ಜ್ ವಿಲ್ ಕೂಡ ಈ ಆಟವನ್ನು ಇದೇ ಅರ್ಥದಲ್ಲಿ ಹಂಗಿಸಿದ್ದಾರೆ. ಹೊಡೆದಾಟ, ನಡುವೆ ಸಮಿತಿ ಸಭೆ. ಅವರು ಬೇಸ್‌ಬಾಲ್ ಭಕ್ತರು, ಬಿಡಿ. ಆದರೆ ಅಪ್ಪ ಯಾವ ಅಂಕಣವನ್ನೂ ಓದದೆ ಅರ್ಧ ಗಂಟೆಯಲ್ಲಿ ಅಲ್ಲಿಗೆ ತಲುಪಿದ್ದರು.

2010ರಲ್ಲಿ ವಾಲ್ ಸ್ಟ್ರೀಟ್ ಜರ್ನಲ್‌ನವರು ಲೆಕ್ಕ ಹಾಕಿದರು. ಮೂರು ಗಂಟೆ ಪ್ರಸಾರದಲ್ಲಿ ಚೆಂಡು ನಿಜವಾಗಿ ಆಟದಲ್ಲಿರುವುದು ಸುಮಾರು 11 ನಿಮಿಷ. ಇದನ್ನು ಹೆಂಡತಿಗೆ ಹೇಳಿ ತಪ್ಪು ಮಾಡಿದೆ. ಅವಳ ಸೀರಿಯಲ್‌ನಲ್ಲಿ ಅತ್ತೆ ಬಾಗಿಲಲ್ಲಿ ನಿಂತರೆ ಗುಡುಗು ಮೂರು ಸಲ, ಎಲ್ಲರ ಮುಖ ಒಂದೊಂದು ಸಲ, ಅಷ್ಟರಲ್ಲಿ ಜಾಹೀರಾತು. ಅದನ್ನು ನಾನು ವರ್ಷಗಟ್ಟಲೆ ಆಡಿಕೊಂಡಿದ್ದೆ. ಈಗ ನಾನು ರಿಮೋಟ್ ಕೇಳಿದರೆ "ತಗೊಳ್ಳಿ, ನಿಮ್ಮ 11 ನಿಮಿಷ" ಎನ್ನುತ್ತಾಳೆ.

ರಿಮೋಟ್ ಸಿಕ್ಕರೆ ಆಟ ಸಿಕ್ಕಿತು ಅಂತಲೂ ಅಲ್ಲ. ಹಿಂದೆ ಟಿವಿಗೆ ಒಂದು ಗುಂಡಿ ಇತ್ತು. ಒತ್ತಿದರೆ ಬರುತ್ತಿತ್ತು, ಬಾರದಿದ್ದರೆ ತಲೆ ಮೇಲೆ ಒಂದು ಏಟು ಕೊಟ್ಟರೆ ಬರುತ್ತಿತ್ತು. ಈಗ ಭಾನುವಾರದ ಆಟ ಒಂದು ಕಡೆ, ಸೋಮವಾರದ್ದು ಇನ್ನೊಂದು ಕಡೆ. ಗುರುವಾರದ್ದು 2022ರಿಂದ ಮತ್ತೊಂದು ಆ್ಯಪ್‌ನಲ್ಲಿ. ಕ್ರಿಸ್‌ಮಸ್ ದಿನದ್ದು 2024ರಲ್ಲಿ ಮಗದೊಂದರಲ್ಲಿ. ಪ್ರತಿಯೊಂದಕ್ಕೂ ಪಾಸ್‌ವರ್ಡ್. ಒಂದು ಗುರುವಾರ ಅಂತೂ ಆಟ ಶುರುವಾಗುವ ಹೊತ್ತಿಗೆ ಆ್ಯಪ್ "ನೀವು ನೀವೇನಾ?" ಎಂದು ಕೇಳಿತು. ನಾನೇ ಎಂದು ಸಾಬೀತು ಮಾಡುವ ಕೋಡ್ ಮಗಳ ಫೋನಿಗೆ ಹೋಯಿತು. ಅವಳು ಲೈಬ್ರರಿಯಲ್ಲಿ, ಫೋನ್ ಬ್ಯಾಗ್‌ನಲ್ಲಿ. ಅವಳು ನೋಡಿ ಕಳಿಸುವಷ್ಟರಲ್ಲಿ ಮೂರನೇ ಕ್ವಾರ್ಟರ್. ಮಾರುಕಟ್ಟೆಯಲ್ಲಿ ಸ್ಪರ್ಧೆ ಇದ್ದರೆ ಗ್ರಾಹಕನಿಗೆ ಲಾಭ ಎಂದು ನಾನು ಯಾವಾಗಲೂ ಹೇಳುವವನು. ಈ ಒಂದು ಕಡೆ ಲಾಭ ಎಲ್ಲಿದೆ ಎಂದು ಇನ್ನೂ ಹುಡುಕುತ್ತಿದ್ದೇನೆ.

ಇನ್ನು ರಾಜಕೀಯ. ಭಾನುವಾರ ಮೂರು ಗಂಟೆ ರಾಜಕೀಯ ಬೇಡ ಅನ್ನುವವನು ನಾನು. 2016ರಲ್ಲಿ ಸ್ಯಾನ್ ಫ್ರಾನ್ಸಿಸ್ಕೊ ತಂಡದ ಆಟಗಾರ ಕಾಲಿನ್ ಕೆಪರ್ನಿಕ್, ಕಪ್ಪು ಜನರ ಮೇಲಿನ ಪೊಲೀಸ್ ದೌರ್ಜನ್ಯ ಖಂಡಿಸಿ, ರಾಷ್ಟ್ರಗೀತೆಯ ಹೊತ್ತಿಗೆ ಮಂಡಿಯೂರಿದ. ಅವನ ನೋವು ಅವನಿಗೆ, ಹೇಳುವ ಹಕ್ಕೂ ಅವನಿಗಿದೆ. ಆದರೆ ಆಫೀಸ್ ಮೀಟಿಂಗ್‌ನಲ್ಲಿ ನಾನು ಮಂಡಿಯೂರಿದರೆ ಮ್ಯಾನೇಜರ್ ಏನು ಮಾಡುತ್ತಾರೆ? ಗೀತೆ ಬಂದಾಗ ಎದ್ದು ನಿಲ್ಲಬೇಕು, ಇಷ್ಟೇ ನನ್ನ ವಾದ. ಮರುವರ್ಷ ಅಧ್ಯಕ್ಷರೇ ಈ ಜಗಳಕ್ಕೆ ಇಳಿದಾಗ ಅದೂ ನನಗೆ ಹಿಡಿಸಲಿಲ್ಲ. ಅವರಿಗೆ ಬೇರೆ ಕೆಲಸ ಇಲ್ಲವಾ?

ತಮಾಷೆ ಏನೆಂದರೆ, ಮಾಮೂಲಿ ಆಟಗಳಲ್ಲಿ ರಾಷ್ಟ್ರಗೀತೆಯ ಹೊತ್ತಿಗೆ ಟಿವಿಯವರು ಟ್ರಕ್ಕಿನ ಜಾಹೀರಾತೋ ಬಿಯರ್ ಜಾಹೀರಾತೋ ಹಾಕುವುದು. ಗಲಾಟೆ ಶುರುವಾದ ಮೇಲೆ ಪೂರ್ತಿ ತೋರಿಸತೊಡಗಿದರು. ನಾನೂ ನಮ್ಮ ಹಾಲ್‌ನಲ್ಲಿ, ಕೈಯಲ್ಲಿ ಚುರುಮುರಿ ಬಟ್ಟಲು ಹಿಡಿದುಕೊಂಡೇ ಎದ್ದು ನಿಂತೆ. ಅಡಿಗೆಮನೆಯಿಂದ ಬಂದ ಹೆಂಡತಿ "ಎದ್ದಿದ್ದೀರಲ್ಲ, ಹಾಗೇ ಕುಕ್ಕರ್ ಆಫ್ ಮಾಡಿ" ಎಂದಳು. ದೇಶ ಮೊದಲೋ ಕುಕ್ಕರ್ ಮೊದಲೋ ಎಂದು ಯೋಚಿಸುವಷ್ಟರಲ್ಲಿ ಐದನೇ ಸೀಟಿ ಕೂಗಿತು.

ರಾಜಕಾರಣಿಗಳು ಆಟದಿಂದ ದೂರ ಇರಬೇಕು ಎನ್ನಲು ನನ್ನ ಹತ್ತಿರ ಒಂದು ಪಕ್ಕಾ ಸಾಕ್ಷಿ ಇದೆ. 1971ರ ಪ್ಲೇಆಫ್‌ನಲ್ಲಿ ವಾಷಿಂಗ್ಟನ್ ತಂಡ ಹೂಡಿದ ಒಂದು ತಂತ್ರ ಅಧ್ಯಕ್ಷ ನಿಕ್ಸನ್ ಕೊಟ್ಟ ಸಲಹೆ ಎಂದು ಹೇಳುತ್ತಾರೆ. ತಂಡ 13 ಗಜ ಹಿಂದಕ್ಕೆ ಹೋಯಿತು. ಸರ್ಕಾರ ಕೈ ಹಾಕಿದರೆ ಏನಾಗುತ್ತದೆ ಎಂಬುದಕ್ಕೆ ಇದಕ್ಕಿಂತ ಉದಾಹರಣೆ ಬೇಕಾ ಎಂದು ಥ್ಯಾಂಕ್ಸ್‌ಗಿವಿಂಗ್ ಹಬ್ಬದ ದಿನ ಮಗಳನ್ನು ಕೇಳಿದೆ.

"ನಿಕ್ಸನ್ ನಿಮ್ಮ ರಿಪಬ್ಲಿಕನ್ ಪಾರ್ಟಿಯವರೇ ಅಲ್ವಾ ಅಪ್ಪ?"

ಥ್ಯಾಂಕ್ಸ್‌ಗಿವಿಂಗ್ ದಿನ ಕೌಬಾಯ್ಸ್ ಆಟ ಇರುವುದು 1966ರಿಂದ ನಡೆದುಬಂದ ಪದ್ಧತಿ. ನಮ್ಮ ಮನೆಯಲ್ಲಿ ಟರ್ಕಿ ಕೋಳಿ ಇಲ್ಲ, ಬಿಸಿಬೇಳೆಬಾತ್. ರಾಜಕೀಯ ಮಾತಾಡಬಾರದೆಂದು ಹೆಂಡತಿ ಕಾಯ್ದೆ ಮಾಡಿದ್ದಾಳೆ. ನಾನು ಆಟದ ಬಗ್ಗೆ ಮಾತಾಡಿದ್ದು, ಆದರೆ ಮಗಳು ಅಲ್ಲೇ ಕಾದಿದ್ದಳು.

"ಟಿವಿ ದುಡ್ಡು ಕೋಟಿಗಟ್ಟಲೆ ಬರುತ್ತಲ್ಲ, ಅದನ್ನ ಹೇಗೆ ಹಂಚ್ತಾರೆ ಗೊತ್ತಾ?"

ಗೊತ್ತಿತ್ತು. ರಾಷ್ಟ್ರಮಟ್ಟದ ಟಿವಿ ಒಪ್ಪಂದದ ದುಡ್ಡನ್ನು 32 ತಂಡಕ್ಕೂ ಸಮಪಾಲು ಮಾಡುತ್ತಾರೆ. ಮದುವೆ ಪಂಕ್ತಿಯಲ್ಲಿ ಹೋಳಿಗೆ ಬಡಿಸಿದ ಹಾಗೆ, ನ್ಯೂಯಾರ್ಕ್‌ಗೂ ಅಷ್ಟೇ, ಲಕ್ಷ ಜನರ ಊರು ಗ್ರೀನ್ ಬೇಗೂ ಅಷ್ಟೇ. ಗ್ರೀನ್ ಬೇ ತಂಡಕ್ಕೆ ಒಬ್ಬ ಮಾಲೀಕನೂ ಇಲ್ಲ, ಷೇರು ತಗೊಂಡ ಜನರೇ ಮಾಲೀಕರು. ಯಾರೂ ಸಂಬಳಕ್ಕೆ ಇಷ್ಟಕ್ಕಿಂತ ಜಾಸ್ತಿ ಸುರಿಯಬಾರದೆಂದು 1994ರಿಂದ ಮಿತಿ. 1936ರಿಂದ ಇನ್ನೊಂದು ಪದ್ಧತಿ. ಕಾಲೇಜು ಮುಗಿಸಿದ ಒಳ್ಳೊಳ್ಳೆ ಹುಡುಗರನ್ನು ಆರಿಸುವಾಗ ಎಲ್ಲರಿಗಿಂತ ಕಡೆಯ ತಂಡಕ್ಕೆ ಮೊದಲ ಸರದಿ. ಫೇಲಾದವನಿಗೆ ಮೊದಲ ಬೆಂಚು!

"ಕ್ಲೀವ್‌ಲ್ಯಾಂಡ್ ತಂಡದ ಹಳೇ ಓನರ್ ಆರ್ಟ್ ಮೊಡೆಲ್ ಒಪ್ಕೊಂಡಿದ್ರು ಅಪ್ಪ. ನಾವೆಲ್ಲ ರಿಪಬ್ಲಿಕನ್ನರು, ಆದ್ರೆ ಫುಟ್‌ಬಾಲ್ ಅಂದ್ರೆ ಸೋಷಲಿಸ್ಟ್ ವೋಟು ಹಾಕ್ತೀವಿ ಅಂತ. ನೀನು 30 ವರ್ಷದಿಂದ ಸೋಷಲಿಸಂ ನೋಡ್ತಾ ಚಪ್ಪಾಳೆ ಹೊಡೀತಿದ್ದೀಯ."

ನಾನು ಬಾತಿಗೆ ತುಪ್ಪ ಹಾಕಿಕೊಂಡು ಯೋಚಿಸಿದೆ. "ಅದು ಸೋಷಲಿಸಂ ಅಲ್ಲ. ಅವಿಭಕ್ತ ಕುಟುಂಬ. 32 ಅಣ್ಣತಮ್ಮಂದಿರು ತಾವೇ ಒಪ್ಪಿ ಒಂದೇ ಒಲೆ ಇಟ್ಕೊಂಡಿದ್ದಾರೆ. ಸರ್ಕಾರ ಬಂದು ಹೇಳಿದ್ದಲ್ಲ."

ಒಳ್ಳೆಯ ಉತ್ತರ ಎಂದು ಇವತ್ತಿಗೂ ಅನಿಸುತ್ತದೆ. ಆದರೆ ಎಲ್ಲ ತಂಡ ಒಟ್ಟಾಗಿ ಟಿವಿಗೆ ಮಾರುವುದು ಏಕಸ್ವಾಮ್ಯ ಆಗುತ್ತೆಂದು ಕೋರ್ಟು ತಡೆದಿತ್ತು. ಅದಕ್ಕೇ 1961ರಲ್ಲಿ ಸಂಸತ್ತು ಹೊಸ ಕಾನೂನು ಮಾಡಿತು, ಕೆನಡಿ ಸಹಿ ಹಾಕಿದರು. ಮಗಳು ಅದನ್ನೂ ಓದಿಕೊಂಡು ಬಂದಿದ್ದಳು. ಫೀಸು ಕಟ್ಟಿದವನು ನಾನು.

ಅಷ್ಟರಲ್ಲಿ ಪಕ್ಕದ ಮನೆಯಿಂದ ಮತ್ತೆ "ನೋ!" ಕೇಳಿಸಿತು. ಆ ಕ್ಷಣ ನಿರ್ಧಾರ ಮಾಡಿದೆ. ಆಂಟೆನಾ ಹಾಕಿಸುವುದೇ.

ತಾತನದು ಅಟ್ಟದಲ್ಲಿದೆ. ನಮ್ಮ ಅಟ್ಟದಲ್ಲಿ ದಸರಾ ಗೊಂಬೆಗಳಿವೆ. ಪಟ್ಟದ ಗೊಂಬೆಯಿಂದ ಹಿಡಿದು ಚನ್ನಪಟ್ಟಣದ ಬ್ಯಾಂಡ್ ಸೆಟ್‌ವರೆಗೆ 17 ಪೆಟ್ಟಿಗೆ. ಅದರಲ್ಲಿ ಒಂದನ್ನು ಸರಿಸಿದರೂ ವಿಚ್ಛೇದನ. ಹಾಗಾಗಿ ಮರುದಿನ ಬೆಳಿಗ್ಗೆ ಏಣಿ ಹಾಕಿ ಛಾವಣಿ ಹತ್ತಿದೆ. ಉಟ್ಟಿದ್ದ ಪಂಚೆಯಲ್ಲೇ, ಬನಿಯನ್‌ನಲ್ಲೇ. ಐದು ನಿಮಿಷದ ಕೆಲಸ ಅಲ್ವಾ ಅಂದುಕೊಂಡಿದ್ದೆ.

ಡಲ್ಲಾಸ್ ಟಿವಿ ಗೋಪುರಗಳಿರುವುದು ದಕ್ಷಿಣಕ್ಕೆ, ಸೀಡರ್ ಹಿಲ್‌ನಲ್ಲಿ. "ದಕ್ಷಿಣ ಯಾವ ಕಡೆ?" ಎಂದು ಮೇಲಿಂದ ಕೂಗಿದೆ.

"ನೀವು ತಲೆ ಹಾಕಿ ಮಲಗೋ ಕಡೆ!"

ಫೋನ್‌ನಲ್ಲಿ ದಿಕ್ಸೂಚಿ ಇತ್ತು, ಆದರೆ ಇದು ಹೆಚ್ಚು ನಿಖರ. ತಿರುಗಿಸಿದೆ. "ಬಂತಾ?" "ಇಲ್ಲ." "ಈಗ?" "ಬಂತು, ಬಂತು... ಹೋಯ್ತು!" "ಈಗ?" "ಹಾಗೇ ಇರಿ, ಅಲ್ಲಾಡಬೇಡಿ!" ಮೈಸೂರಿನ ತಾರಸಿ ಮೇಲೆ ದೂರದರ್ಶನದ ಕಾಲದಲ್ಲಿ ಅಪ್ಪನೂ ನಾನೂ ಆಡಿದ ಮಾತುಗಳೇ, ಅಕ್ಷರ ಬದಲಾಗದೆ. ಆಗ ಕೆಳಗಿಂದ ಕೂಗುವವನು ನಾನು. ನನಗೆ ಎಷ್ಟು ಖುಷಿಯಾಯಿತೆಂದರೆ ಕೆಲಸ ಮುಗಿದರೂ ಸ್ವಲ್ಪ ಹೊತ್ತು ಅಲ್ಲೇ ಕೂತಿದ್ದೆ. ಕೂರಬಾರದಿತ್ತು.

ಹತ್ತು ದಿನಕ್ಕೆ ಮನೆಮಾಲೀಕರ ಸಂಘದಿಂದ ಪತ್ರ ಬಂತು. ಅನುಮತಿಯಿಲ್ಲದೆ ಆಂಟೆನಾ ಹಾಕಿದ್ದೀರಿ, ಬಡಾವಣೆಯ ಅಂದ ಕೆಟ್ಟಿದೆ, ತೆಗೆಯಿರಿ. ಸಾಕ್ಷಿಗೆ ಫೋಟೋ ಲಗತ್ತಿಸಿದ್ದರು. ಫೋಟೋದಲ್ಲಿ ಆಂಟೆನಾ ಮೂಲೆಯಲ್ಲಿ ಸಣ್ಣಗೆ ಇತ್ತು. ನಡುವೆ, ಟೆಕ್ಸಸ್ ಗಾಳಿಗೆ ಪಂಚೆ ಹಿಡಿದುಕೊಂಡು, ನಾನು. ಅಂದ ಕೆಡಿಸಿದ್ದು ಯಾವುದು ಎಂದು ಅವರು ಬಿಡಿಸಿ ಹೇಳಿರಲಿಲ್ಲ.

ಧರ್ಮಸಂಕಟ ಶುರುವಾಗಿದ್ದು ಇಲ್ಲಿ. ಮನೆ ಕೊಳ್ಳುವಾಗ ಸಂಘದ ಕರಾರಿಗೆ ಸಹಿ ಹಾಕಿದವನು ನಾನೇ. ಒಪ್ಪಿದ ಮೇಲೆ ಮಾತಿಗೆ ಕಟ್ಟುಬೀಳಬೇಕು ಎಂದು ಊರಿಗೆಲ್ಲ ಬುದ್ಧಿ ಹೇಳುವವನೂ ನಾನೇ. ಆದರೆ ತೆಗೆದರೆ ಮತ್ತೆ 35 ಸೆಕೆಂಡ್ ಹಿಂದೆ. ಎರಡು ರಾತ್ರಿ ನಿದ್ದೆ ಬರಲಿಲ್ಲ, ದಕ್ಷಿಣಕ್ಕೆ ತಲೆ ಹಾಕಿದ್ದರೂ.

ಮೂರನೇ ದಿನ ಮಗಳ ಮೇಲ್ ಬಂತು. ಟಿವಿ ಆಂಟೆನಾ ಹಾಕದಂತೆ ಇಂಥ ಸಂಘಗಳು ತಡೆಯುವಂತಿಲ್ಲ ಎಂದು ಕೇಂದ್ರ ಸರ್ಕಾರದ ಸಂಪರ್ಕ ಆಯೋಗದ ನಿಯಮ ಇದೆಯಂತೆ. ಛಾವಣಿಗಿಂತ 12 ಅಡಿ ಮೇಲೆ ಹೋಗದಿದ್ದರೆ ಅನುಮತಿಯೂ ಬೇಡ. ನನ್ನದು ನಾಲ್ಕೇ ಅಡಿ. ನಿಯಮ ಮಾಡಿದ ವರ್ಷ 1996. ಕೌಬಾಯ್ಸ್ ಗೆದ್ದ, ನಾನು ಬಂದ ವರ್ಷ.

ಕೆಳಗೆ ಒಂದೇ ಸಾಲು ಬರೆದಿದ್ದಳು: "ಬೇಡ ಅಂದ್ರೆ ಬಿಡು ಅಪ್ಪ. ಇದು ಸರ್ಕಾರದ ಹಸ್ತಕ್ಷೇಪ."

ನಾನು ಆ ನಿಯಮವನ್ನು ಪ್ರಿಂಟ್ ತೆಗೆದು, ಮುಖ್ಯವಾದ ಸಾಲುಗಳಿಗೆ ಹಳದಿ ಬಳಿದು, ಸಂಘಕ್ಕೆ ಕಳಿಸಿದೆ. ಮತ್ತೆ ಪತ್ರ ಬರಲಿಲ್ಲ. ಮಗಳಿಗೆ ಉತ್ತರ ಇನ್ನೂ ಬರೆದಿಲ್ಲ. ಒಳ್ಳೆಯ ವಾದ ಒಂದು ಹೊಳೆಯಲಿ ಎಂದು ಕಾಯುತ್ತಿದ್ದೇನೆ.

ಮುಂದಿನ ಭಾನುವಾರ ಚಿತ್ರ ಗಾಜಿನಷ್ಟು ಸ್ವಚ್ಛವಾಗಿ ಬಂತು. ಕೊನೆಯ ಎರಡು ನಿಮಿಷ, ಕೌಬಾಯ್ಸ್ ಮೂರು ಪಾಯಿಂಟ್ ಮುಂದೆ. ಪಕ್ಕದ ಮನೆಯಲ್ಲಿ ಸದ್ದಿಲ್ಲ. ನಮ್ಮ ಮನೆಯಲ್ಲೂ ಇಲ್ಲ. ಎದುರಾಳಿ ಚೆಂಡು ಹಿಡಿದು ಓಡಿದ, ಓಡಿದ, ಗೆರೆ ದಾಟಿಯೇಬಿಟ್ಟ. "ನೋ!" ಎಂದು ತಾತ, "ಅಯ್ಯೋ!" ಎಂದು ನಾನು, ಒಂದೇ ಉಸಿರಿಗೆ.

ಹೆಂಡತಿ ಬಾಗಿಲಲ್ಲಿ ಬಂದು ನಿಂತಳು.

"35 ಸೆಕೆಂಡ್ ಬೇಗ ಸೋತಿರಿ, ಅಷ್ಟೇ ತಾನೇ? ಬನ್ನಿ, ಅನ್ನ ಆರ್ತಾ ಇದೆ."