ಬರೆದವರಿಗೆ ಇಲ್ಲಿ ಉತ್ತರ ಬರುತ್ತದೆ

ಇಂಗ್ಲೆಂಡಿನ ಲೆಸ್ಟರ್‌ನಲ್ಲಿ ನಮ್ಮ ಪಕ್ಕದ ಮನೆಯಾಕೆ ನಿವೃತ್ತ ನರ್ಸ್. ತಾವು ಬರೆದ ಪ್ರೇಮ ಕಾದಂಬರಿಯ ಹಸ್ತಪ್ರತಿ ಓದಿದವರ ವರದಿ ಬಂದಿದೆಯೆಂದು ಮೊನ್ನೆ ಬೇಲಿಯಾಚೆಯಿಂದಲೇ ಕೂಗಿ ಹೇಳಿ, ಕಾಗದಗಳನ್ನು ತಂದು ತೋರಿಸಿದರು. ಆಸ್ಪತ್ರೆಯ ವಿವರಗಳು ಸೊಗಸಾಗಿವೆ, ಆದರೆ ನಾಯಕ ಕಾಣಿಸಿಕೊಳ್ಳುವಷ್ಟರಲ್ಲಿ ಮೂರು ಅಧ್ಯಾಯ ಕಳೆದುಹೋಗಿರುತ್ತದೆ. ಇಬ್ಬರೂ ಮುನಿಸಿಕೊಳ್ಳಲು ಕೊಟ್ಟಿರುವ ಕಾರಣ ಸಾಲದು. ತಾಯಿಯ ಪತ್ರದ ಪ್ರಸಂಗವನ್ನು ಇನ್ನಷ್ಟು ಮೊದಲೇ ತನ್ನಿ. ಹೀಗೆ ಪುಟಗಟ್ಟಲೆ.

ನನಗೆ ಹೊಟ್ಟೆ ಉರಿಯಿತು. ತಿಪಟೂರಿನ ನನ್ನ ಅತ್ತಿಗೆ ನೆನಪಾದರು. ಮನೆಗೆಲಸ ಮುಗಿಸಿ ರಾತ್ರಿ ಕುಳಿತು ಬರೆದ ಕಾದಂಬರಿಯನ್ನು ಅವರು ಬೆಂಗಳೂರಿನ ಪ್ರಕಾಶಕರೊಬ್ಬರಿಗೆ ಕಳಿಸಿದ್ದರು. ತಿಂಗಳುಗಟ್ಟಲೆ ಸುದ್ದಿಯಿಲ್ಲ. ಕೊನೆಗೆ ತಾವೇ ಫೋನ್ ಮಾಡಿದಾಗ ಸಿಕ್ಕ ಉತ್ತರ ಇಷ್ಟು: ಅಚ್ಚಿನ ಖರ್ಚು ಕೊಟ್ಟು ಇಂತಿಷ್ಟು ಪ್ರತಿ ನೀವೇ ಕೊಳ್ಳುವುದಾದರೆ ನೋಡೋಣ. ಕಥೆ ಹೇಗಿದೆ ಎಂಬ ಬಗ್ಗೆ ಒಂದು ಮಾತೂ ಇಲ್ಲ.

ಪಕ್ಕದ ಮನೆಯಾಕೆಗೆ ವರದಿ ಬಂದದ್ದು ಪ್ರೇಮ ಕಾದಂಬರಿಕಾರರ ಸಂಘದಿಂದ. ರೊಮ್ಯಾಂಟಿಕ್ ನಾವೆಲಿಸ್ಟ್ಸ್ ಅಸೋಸಿಯೇಷನ್ ಎಂಬ ಈ ಸಂಘ 1960ರಲ್ಲಿ ಹುಟ್ಟಿತು. ಹೊಸಬರಿಗೆಂದೇ ಅದರಲ್ಲಿ ಒಂದು ಯೋಜನೆಯಿದೆ. ಶುಲ್ಕ ಕಟ್ಟಿ ಹಸ್ತಪ್ರತಿ ಕಳಿಸಿದರೆ, ಅದೇ ಬಗೆಯ ಕಥೆಗಳಲ್ಲಿ ಪಳಗಿದವರೊಬ್ಬರು ಓದಿ ಅಭಿಪ್ರಾಯ ಬರೆಯುತ್ತಾರೆ. ಪ್ರೇಮ ಕಾದಂಬರಿಗಳ ಪ್ರಕಾಶಕರಾದ ಮಿಲ್ಸ್ ಆಂಡ್ ಬೂನ್‌ಗಂತೂ, ಲೇಖಕರ ಪರವಾಗಿ ಪ್ರಕಾಶಕರನ್ನು ಕಾಣುವ ಏಜೆಂಟರ ಹಂಗಿಲ್ಲದೆ ಯಾರು ಬೇಕಾದರೂ ನೇರವಾಗಿ ಕಥೆ ಕಳಿಸಬಹುದು. 1908ರಲ್ಲಿ ಲಂಡನ್ನಿನಲ್ಲಿ ಆರಂಭವಾದ ಸಂಸ್ಥೆ ಅದು. ವೈದ್ಯರು, ನರ್ಸುಗಳ ಪ್ರೇಮಕ್ಕೆ ಒಂದು ಮಾಲೆ, ಇತಿಹಾಸದ ಪ್ರೇಮಕ್ಕೆ ಇನ್ನೊಂದು, ಸಿರಿವಂತರ ಲೋಕದ್ದು ಮತ್ತೊಂದು. ವೈದ್ಯಕೀಯ ಮಾಲೆಗಾದರೆ ಸುಮಾರು 50,000 ಪದ, ಐತಿಹಾಸಿಕಕ್ಕೆ 70,000ದ ಮೇಲೆ. ಪ್ರಣಯದ ಸನ್ನಿವೇಶ ಎಷ್ಟು ಬಿಚ್ಚಿ ಹೇಳಬಹುದು ಎಂಬುದನ್ನೂ ಮುಚ್ಚುಮರೆಯಿಲ್ಲದೆ ತಿಳಿಸುತ್ತಾರೆ. ಬರೆಯುವವರಿಗೆ ಯಾವ ಬಾಗಿಲು ತಟ್ಟಬೇಕೆಂದು ಗೊತ್ತಿರುತ್ತದೆ. ಓದುವವರಿಗೂ ಅಷ್ಟೇ. ನಮ್ಮ ಬಡಾವಣೆಯ ಗ್ರಂಥಾಲಯದಲ್ಲಿ ಯುದ್ಧಕಾಲದ ಕುಟುಂಬ ಕಥೆಗಳು, ನಗೆ ಬೆರೆತ ಪ್ರೇಮಕಥೆಗಳು, ಕಣ್ಣು ಮಂಜಾದವರಿಗೆ ದಪ್ಪಕ್ಷರದ ಪ್ರತಿಗಳು ಎಲ್ಲವೂ ಬೇರೆ ಬೇರೆ ಸಾಲಿನಲ್ಲಿವೆ. ಅಲ್ಲಿಂದ ಪುಸ್ತಕ ಎರವಲು ಹೋದಷ್ಟೂ ಲೇಖಕರಿಗೆ ಸರ್ಕಾರದಿಂದ ಇಷ್ಟೆಂದು ಹಣ ಸಲ್ಲುತ್ತದೆ. 1979ರಲ್ಲೇ ಅದಕ್ಕೆ ಕಾನೂನಾಗಿದೆ.

ನಮ್ಮ ಕನ್ನಡದಲ್ಲಿ ಓದುಗರಿಗೆ ಬರವಿತ್ತೇ? ನಮ್ಮಮ್ಮ ಸರ್ಕ್ಯುಲೇಟಿಂಗ್ ಲೈಬ್ರರಿಯಿಂದ ತರುತ್ತಿದ್ದ ಸಾಯಿಸುತೆಯವರ ಕಾದಂಬರಿಗಳ ಬೆನ್ನು ಹರಿದು, ಕಂದು ಕಾಗದದ ಹೊದಿಕೆಯ ಮೇಲೆ ಇನ್ನೊಂದು ಹೊದಿಕೆ ಕೂತಿರುತ್ತಿತ್ತು. ಕೊನೆಯ ಪುಟ ಕಿತ್ತುಹೋಗಿದ್ದರೆ ಪಕ್ಕದ ಬೀದಿಯವರನ್ನು ಕೇಳಿ ಕಥೆ ಪೂರ್ತಿ ಮಾಡಿಕೊಳ್ಳುತ್ತಿದ್ದರು. ಅಷ್ಟೊಂದು ಕೈ ದಾಟಿದ ಪುಸ್ತಕದ ಬಾಡಿಗೆಯಲ್ಲಿ ಬರೆದವರಿಗೆ ಬಿಡಿಗಾಸೂ ಇರಲಿಲ್ಲ. ವಿಮರ್ಶಕರು ಇವನ್ನೆಲ್ಲ ಅಡುಗೆಮನೆ ಸಾಹಿತ್ಯವೆಂದು ಪಕ್ಕಕ್ಕೆ ಸರಿಸಿದರು. ಆ ಮೂದಲಿಕೆಯ ಫಲವನ್ನು ಈಗ ಅತ್ತಿಗೆಯಂಥವರು ಉಣ್ಣುತ್ತಿದ್ದಾರೆ: ಪ್ರೇಮಕಥೆ ಕಲಿತು ಬರೆಯಬೇಕಾದ ವಿದ್ಯೆ ಎಂದು ಯಾರೂ ಎಣಿಸದ ಮೇಲೆ ಅದನ್ನು ತಿದ್ದಿ ಹೇಳಿಕೊಡುವವರಾದರೂ ಎಲ್ಲಿಂದ ಬರಬೇಕು?

ಈಗ ಅತ್ತಿಗೆ ಪ್ರತಿಲಿಪಿ ಎಂಬ ಜಾಲತಾಣದಲ್ಲಿ ಕಂತು ಕಂತಾಗಿ ಬರೆಯುತ್ತಾರೆ. ಓದುಗರು ಮುಂದಿನ ಭಾಗ ಯಾವಾಗ ಎಂದು ಕಾಡುತ್ತಾರೆ, ಅದು ಅವರಿಗೆ ಬಲ. ಆದರೆ ಐದನೇ ಕಂತು ಎಳೆದಿದೆ, ಅರ್ಧಕ್ಕೆ ಇಳಿಸಿ ಎಂದು ಹೇಳುವವರಿಲ್ಲ.

ಇಷ್ಟು ಹೇಳಿದ ಮೇಲೆ, ಮನಸ್ಸಿಲ್ಲದಿದ್ದರೂ ಒಪ್ಪಬೇಕಾದ ಮಾತಿದೆ. ನಮ್ಮಲ್ಲೂ ಒಂದು ಕಾಲಕ್ಕೆ ವಾರಪತ್ರಿಕೆಗಳ ಧಾರಾವಾಹಿಗಳು ಎಷ್ಟೋ ಹೆಣ್ಣುಮಕ್ಕಳನ್ನು ಮನೆಮನೆಗೆ ತಲುಪಿಸಿದವು. ಎಂ. ಕೆ. ಇಂದಿರಾ ನಲವತ್ತು ದಾಟಿದ ಮೇಲೆ ಕಾದಂಬರಿಗೆ ಕೈಹಾಕಿ ಹೆಸರಾದದ್ದು ನಮ್ಮ ಕನ್ನಡ ನಾಡಿನಲ್ಲೇ. ಇನ್ನು ಮಿಲ್ಸ್ ಆಂಡ್ ಬೂನ್ ಪುಸ್ತಕಕ್ಕೆ ಅಂಗಡಿಯಲ್ಲಿ ತಿಂಗಳ ಆಯಸ್ಸು. ಮರುತಿಂಗಳು ಆ ಜಾಗದಲ್ಲಿ ಹೊಸದು. ಎಷ್ಟು ಮಾಲೆಗಳಿದ್ದರೂ ಎಲ್ಲ ದಾರಿಯೂ ಸುಖಾಂತ್ಯಕ್ಕೇ ಹೋಗಬೇಕು. ಹೆಣ್ಣಿನ ಮನಸ್ಸು ಒಡೆಯುವ ಬಗೆಯನ್ನು ಬರೆದ ತ್ರಿವೇಣಿಯವರಿಗೆ ಆ ಮಾಲೆಗಳಲ್ಲಿ ಜಾಗ ಸಿಗುತ್ತಿರಲಿಲ್ಲ. ಅತ್ತಿಗೆಯ ನಾಯಕಿ ವಿಧವೆ. ಕಾಲೇಜಿನ ಗೆಳೆಯ ಮತ್ತೆ ಸಿಕ್ಕುತ್ತಾನೆ, ಇಬ್ಬರೂ ಮನಸ್ಸು ಬಿಚ್ಚಿ ಮಾತನಾಡುತ್ತಾರೆ, ಕೊನೆಗೆ ಅವಳು ಮದುವೆ ಬೇಡವೆಂದು ಊರಿಗೆ ಮರಳಿ ತೆಂಗಿನ ತೋಟ ನೋಡಿಕೊಳ್ಳುತ್ತಾಳೆ. ಇದನ್ನು ಪಕ್ಕದ ಮನೆಯಾಕೆಗೆ ಹೇಳಿದೆ. ಕಥೆ ಅವರಿಗೆ ಬಹಳ ಹಿಡಿಸಿತು, ಆದರೆ ತಾವು ಕಳಿಸುವ ಮಾಲೆಯವರು ಇದನ್ನು ಖಂಡಿತ ಹಿಂದಿರುಗಿಸುತ್ತಾರೆ ಎಂದರು. ಹಿಂದಿರುಗಿಸಲಿ. ಯಾಕೆ ಬೇಡವೆಂದು ತಿಳಿಸುವ ನಾಲ್ಕು ಸಾಲು ನಮ್ಮ ಪ್ರಕಾಶಕರಿಂದಲೂ ಬಂದಿದ್ದರೆ ಅತ್ತಿಗೆ ಆ ಹಸ್ತಪ್ರತಿಯನ್ನು ಇಷ್ಟು ಹೊತ್ತಿಗೆ ಇನ್ನೊಮ್ಮೆ ಬರೆದು ಮುಗಿಸಿರುತ್ತಿದ್ದರು.