ಸ್ಪಷ್ಟನೆ: ಇಸುಬಿಗೆ ಸ್ಟೀರಾಯ್ಡ್ ಮುಲಾಮು ಹಚ್ಚಬಹುದೇ?

‘ಇಸುಬಿಗೆ (ಎಕ್ಸಿಮಾ) ವೈದ್ಯರು ಕೊಡುವ ಸ್ಟೀರಾಯ್ಡ್ ಮುಲಾಮು ಒಮ್ಮೆ ಹಚ್ಚಿದರೂ ಚರ್ಮ ಹಾಳು, ತೆಂಗಿನೆಣ್ಣೆಯೊಂದೇ ಸಾಕು’ ಎಂಬ ಸಂದೇಶ ಕುಂಬಳೆ, ಬದಿಯಡ್ಕ ಕಡೆಯ ವಾಟ್ಸ್ಆ್ಯಪ್ ಗುಂಪುಗಳಲ್ಲಿ ಸುತ್ತುತ್ತಿದೆ. ಇದು ತಪ್ಪು.

ವೈದ್ಯರು ಹೇಳಿದಷ್ಟು ದಿನ, ಹೇಳಿದ ಜಾಗಕ್ಕೆ ಹಚ್ಚಿದರೆ ಅದು ಉರಿಯೂತವನ್ನು ಇಳಿಸುತ್ತದೆ. ಚರ್ಮ ತೆಳುವಾಗುವ ಭಯ ಇರುವುದು ತೀಕ್ಷ್ಣವಾದ ಮುಲಾಮನ್ನು ಬಹುಕಾಲ ಬಳಸಿದಾಗ. ಅಳತೆಯೂ ಬೆರಳಲ್ಲೇ ಇದೆ: ದೊಡ್ಡವರ ತೋರುಬೆರಳಿನ ತುದಿಯಿಂದ ಮೊದಲ ಗೆರೆಯವರೆಗೆ ಟ್ಯೂಬ್ ಹಿಂಡಿದರೆ ಸುಮಾರು ಅರ್ಧ ಗ್ರಾಂ. ಬೆರಳುಗಳೂ ಸೇರಿ ಎರಡು ಅಂಗೈಯಷ್ಟು ಜಾಗಕ್ಕೆ ಅಷ್ಟು ಸಾಕು. ದೋಸೆಗೆ ಬೆಣ್ಣೆ ಸವರಿದಂತೆ ಬಳಿಯುವುದು ಬೇಡ. ಕಾಲಿಗೆಂದು ಕೊಟ್ಟದ್ದನ್ನು ಮುಖಕ್ಕೆ, ತೊಡೆಸಂದಿಗೆ ಒಯ್ಯಬಾರದು, ಅಲ್ಲಿನ ಚರ್ಮ ತೆಳು.

ಅಪಾಯ ಬೇರೆ ಕಡೆ ಇದೆ, ಸಂದೇಶ ಅದರ ಬಗ್ಗೆ ತುಟಿ ಬಿಚ್ಚುವುದಿಲ್ಲ. ಮಳೆಗಾಲದಲ್ಲಿ ಸರಿಯಾಗಿ ಒಣಗದ ಬಟ್ಟೆ ತೊಟ್ಟು ಹುಳುಕಡ್ಡಿ ಎದ್ದವರು ಚೀಟಿಯಿಲ್ಲದೆ ಇದೇ ಟ್ಯೂಬ್ ಕೊಂಡು ಹಚ್ಚುತ್ತಾರೆ. ತುರಿಕೆ ನಾಲ್ಕು ದಿನ ತಗ್ಗುತ್ತದೆ, ಶಿಲೀಂಧ್ರ ಮಾತ್ರ ಹಬ್ಬುತ್ತಲೇ ಇರುತ್ತದೆ.

ತೆಂಗಿನೆಣ್ಣೆ ಒಣಚರ್ಮಕ್ಕೆ ಹಿತವೇ, ನನ್ನ ಅಮ್ಮನೂ ಹಚ್ಚುತ್ತಿದ್ದರು. ಆದರೆ ಕೆಂಪಗೆ ಕೆರಳಿ ನೀರು ಒಸರುವ ಇಸುಬು ಅದಕ್ಕೆ ಬಗ್ಗುವುದಿಲ್ಲ. ಕೀವು ಕಂಡರಂತೂ ಮುಲಾಮು, ಎಣ್ಣೆ ಎರಡನ್ನೂ ಬದಿಗಿಟ್ಟು ವೈದ್ಯರಿಗೆ ತೋರಿಸಿ.